ಎಂಜಲೆಲೆಯ ಬೆಲೆ

ಮಧ್ಯಾಹ್ನದ ಊಟದ ಗದ್ದಲ ಅಡಗಿದ ಮೇಲೆ ಹೋಟೇಲಿನ ಹಿತ್ತಲಲ್ಲಿ ಸಾಲಾಗಿ ನಿಂತಿರುವ ಡ್ರಮ್ಮುಗಳನ್ನು ನಮ್ಮ ವಾಚಕರಲ್ಲಿ ಕಾಣದವರಾರು? ಎಂಜಲೆಲೆ, ಮಿಕ್ಕ ಅನ್ನ, ತರಕಾರಿಯ ಸಿಪ್ಪೆ, ಕಾಫಿಯ ಚರಟ. ಅವುಗಳ ನಡುವೆ ಹಾಲಿನ ಪ್ಲಾಸ್ಟಿಕ್ ಚೀಲ, ಒಡೆದ ಗಾಜಿನ ಲೋಟ. ಬೆಳಗ್ಗೆ ಗಾಡಿ ಬಂದು ಒಯ್ದರೆ ಅಲ್ಲಿಗೆ ಹೊಣೆ ತೀರಿತೆಂದು ಮಾಲಿಕರೂ ತಿಳಿಯುತ್ತಾರೆ, ಮಾಣಿಗಳೂ ತಿಳಿಯುತ್ತಾರೆ. ಉಪ್ಪಲಿನಲ್ಲಿ ಹೋಟೇಲು ನಡೆಸುತ್ತಿದ್ದಾಗ ನಾನೂ ಹಾಗೆಯೇ ತಿಳಿದಿದ್ದೆನು.

ಕಾಂಪೋಸ್ಟ್ ಗೊಬ್ಬರ ತಯಾರಿಸುವ ಉದ್ಯಮಿಯೊಬ್ಬರು ನಮ್ಮ ಹಸಿಕಸವನ್ನು ಒಯ್ಯಲು ಒಪ್ಪಿದ್ದರು. ಮೂರನೆಯ ದಿನವೇ ಎರಡು ಡ್ರಮ್ಮುಗಳು ಹಿಂದಿರುಗಿ ಬಂದುವು. ಅವರು ಗಾಜಿನ ಚೂರೊಂದನ್ನು ಅಂಗೈಯಲ್ಲಿಟ್ಟು ತೋರಿಸಿ, “ಇದನ್ನು ರೈತನ ಬರಿಗಾಲಿಗೆ ಮಾರಲೆ?” ಎಂದು ಕೇಳಿದರು. ನನಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೆ ಬಂದುವು. ಮೇಜು ಒರೆಸುವಾತನನ್ನು ಕರೆದು, ಡ್ರಮ್ಮಿನೊಳಗಿನದನ್ನೆಲ್ಲ ಕೈಯಿಂದ ಬೇರ್ಪಡಿಸೆಂದು ಹೇಳಿದೆನು. ಕೈಗವಸು ಕೊಡಲಿಲ್ಲ. ಆತನ ಬೆರಳು ಆಳವಾಗಿ ಕುಯ್ದುಹೋಯಿತು. ತಪ್ಪು ಆತನದಲ್ಲ, ನನ್ನದು.

ಬಳಿಕ ಆ ಉದ್ಯಮಿಯ ಗೊಬ್ಬರದ ಅಂಗಳಕ್ಕೆ ಹೋಗಿ ನೋಡಿದೆನು. ಹಸಿಕಸವನ್ನು ಆಳೆತ್ತರದ ಉದ್ದನೆಯ ಸಾಲುಗಳಾಗಿ ಒಟ್ಟುತ್ತಾರೆ. ಹೋಟೇಲಿನ ಅನ್ನ ಸಾಂಬಾರುಗಳಲ್ಲಿ ನೀರು ಹೆಚ್ಚು. ಹಾಗೆಯೇ ಬಿಟ್ಟರೆ ಹುಳಿತು ನಾರುತ್ತದೆ. ಆದುದರಿಂದ ಒಣಗಿದ ಎಲೆ, ಮರದ ಹೊಟ್ಟು, ತೆಂಗಿನ ನಾರಿನ ಪುಡಿಗಳನ್ನು ಬೆರೆಸುತ್ತಾರೆ. ಹಿಡಿಯಷ್ಟನ್ನು ತೆಗೆದು ಹಿಂಡಿದರೆ ಕೈ ತೇವವಾಗಬೇಕು, ನೀರು ಸುರಿಯಬಾರದು. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಕೆಲಸಕ್ಕೆ ತೊಡಗಿದೊಡನೆ ರಾಶಿಯ ಒಡಲು 55ರಿಂದ 65 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ; ಆ ಕಾವಿನಲ್ಲಿ ರೋಗಾಣುಗಳೂ ಕಳೆಯ ಬೀಜಗಳೂ ಸಾಯುತ್ತವೆ. ಗಾಳಿಯಾಡಲೆಂದು ಕೆಲವು ದಿನಗಳಿಗೊಮ್ಮೆ ರಾಶಿಯನ್ನು ಮಗುಚುತ್ತಾರೆ. ಹಲವು ವಾರಗಳ ಮೇಲೆ ಅದು ಮಣ್ಣಿನ ವಾಸನೆಯ ಕರಿಯ ಪುಡಿಯಾಗುತ್ತದೆ. ಆಗ ಜರಡಿ ಹಿಡಿದು ಚೀಲಕ್ಕೆ ತುಂಬುತ್ತಾರೆ.

ಈ ವಿದ್ಯೆ ನಮಗೆ ಹೊಸದಲ್ಲ. ಆಲ್ಬರ್ಟ್ ಹೊವಾರ್ಡರು ಇಂದೋರಿನಲ್ಲಿ ರೂಪಿಸಿದ ಕ್ರಮ 1931ರಲ್ಲಿ ಪ್ರಕಟವಾಯಿತು. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಡಾಕ್ಟರ್ ಸಿ. ಎನ್. ಆಚಾರ್ಯರು ಪಟ್ಟಣದ ಕಸವನ್ನು ಗುಂಡಿಗಳಲ್ಲಿ ಪದರ ಪದರವಾಗಿ ತುಂಬಿ ಮಣ್ಣು ಮುಚ್ಚುವ ಕ್ರಮವನ್ನು ರೂಪಿಸಿದರು; ಲೋಕದ ಕೃಷಿಗ್ರಂಥಗಳು ಅದನ್ನು ‘ಬೆಂಗಳೂರು ಕ್ರಮ’ ಎಂದೇ ಕರೆಯುತ್ತವೆ. 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವೂ ಹುಟ್ಟಿತು. ಅದೇ ದಶಕದಲ್ಲಿ ದೇಶದ ಹಲವು ನಗರಗಳಲ್ಲಿ ದೊಡ್ಡ ಯಂತ್ರಗಳ ಗೊಬ್ಬರದ ಕಾರ್ಖಾನೆಗಳು ತಲೆಯೆತ್ತಿದುವು. ಅವುಗಳಲ್ಲಿ ಬಹಳಷ್ಟು ಬಾಗಿಲು ಹಾಕಿದುವು.

ಕಾರಣವೇನು? ಬಂದ ಕಸವೆಲ್ಲ ಬೆರಕೆಯ ಕಸ. ಯಂತ್ರ ನಡೆಸುವ ಖರ್ಚು ಏರಿತು. ಗಾಜು ಪ್ಲಾಸ್ಟಿಕ್ಕುಗಳ ಚೂರು ಬೆರೆತ ಗೊಬ್ಬರವನ್ನು ರೈತನು ಕೊಳ್ಳಲಿಲ್ಲ. ಈ ವ್ಯಾಪಾರದಲ್ಲಿ ಗೊಬ್ಬರ ಮಾಡುವುದಕ್ಕಿಂತ ಮಾರುವುದೇ ಕಷ್ಟ. 100 ಕಿಲೋ ಶುದ್ಧ ಹಸಿಕಸದಿಂದ ದೊರೆಯುವುದು ಸುಮಾರು 20ರಿಂದ 30 ಕಿಲೋ ಗೊಬ್ಬರ. ಉಳಿದುದು ಆವಿಯಾಗಿ ಹೋಗುತ್ತದೆ. ಸರಕಾರದ ಗೊಬ್ಬರ ನಿಯಂತ್ರಣ ಆಜ್ಞೆಯೂ ಕಟ್ಟುನಿಟ್ಟಾದುದು: ನಗರದ ಕಾಂಪೋಸ್ಟಿನಲ್ಲಿ ನೂರಕ್ಕೆ 90 ಪಾಲು 4 ಮಿಲಿಮೀಟರಿನ ಜರಡಿಯಲ್ಲಿ ಇಳಿಯಬೇಕು, ದುರ್ವಾಸನೆ ಇರಬಾರದು, ಸೀಸ ಮೊದಲಾದ ವಿಷಲೋಹಗಳು ಮಿತಿ ಮೀರಬಾರದು. ಒಂದು ಹಳೆಯ ಬ್ಯಾಟರಿ ಡ್ರಮ್ಮಿಗೆ ಬಿದ್ದರೆ ಯಾವ ಜರಡಿ ತಾನೆ ಅದರ ವಿಷವನ್ನು ಸೋಸೀತು?

ಉಪ್ಪಲಿನವರಾದ ನಮಗೆ ಇದು ದೂರದ ಮಾತಲ್ಲ. ಹೈದರಾಬಾದಿನ ಕಸ ಗುಡ್ಡವಾಗಿ ಬೆಳೆದ ಜವಾಹರ್‌ನಗರ ಇಲ್ಲಿಂದ ಉತ್ತರಕ್ಕಿದೆ. ಅಲ್ಲಿನ ನಿವಾಸಿಗಳು ಆ ದುರ್ವಾಸನೆಯಲ್ಲಿ ಅನ್ನ ಉಂಡಿದ್ದಾರೆ. ಇತ್ತ ನಗರದ ಕೊಳೆನೀರನ್ನು ಹೊತ್ತ ಮೂಸಿ ನದಿ ನಮ್ಮ ಮಗ್ಗುಲಲ್ಲಿಯೇ ಹರಿಯುತ್ತದೆ. ಪೀರ್ಜಾದಿಗೂಡದ ಕಡೆ ಆ ನೀರಿನಿಂದಲೇ ದನಗಳ ಮೇವಿನ ಹುಲ್ಲನ್ನು ಬೆಳೆದವರುಂಟು. ನಾವು ಬಿಸಾಡಿದುದು ಎಲ್ಲಿಯೂ ಮಾಯವಾಗುವುದಿಲ್ಲ. ಇನ್ನೊಬ್ಬರ ಮನೆಯಂಗಳಕ್ಕೋ ಹೊಲಕ್ಕೋ ಹೋಗಿ ಸೇರುತ್ತದೆ. ಅನ್ನವನ್ನರಸಿ ಪರಊರಿಗೆ ಬಂದ ನಾವು ಆ ಊರಿಗೆ ಕೊಡುವುದು ಗಾಜಿನ ಚೂರಾಗಬೇಕೆ, ಗೊಬ್ಬರವಾಗಬೇಕೆ?

ಉಪಾಯ ಸುಲಭವಾದುದು. ಬೇರ್ಪಡಿಸಬೇಕಾದುದು ಡ್ರಮ್ಮಿನಲ್ಲಲ್ಲ, ಮೇಜಿನ ಬಳಿಯಲ್ಲಿ. ಎಲೆ ಎತ್ತುವಾಗಲೇ ಎರಡು ಬಕೆಟ್ಟುಗಳಿರಲಿ: ಕೊಳೆಯುವುದು ಒಂದಕ್ಕೆ, ಕೊಳೆಯದುದು ಇನ್ನೊಂದಕ್ಕೆ. ಒಡೆದ ಗಾಜಿಗೆ ಬೇರೆಯೇ ಡಬ್ಬಿಯಿರಲಿ. ಗಲ್ಲೆಯಲ್ಲಿ ಕುಳಿತ ಗುಮಾಸ್ತೆಯು ದಿನದ ಹಸಿಕಸದ ತೂಕವನ್ನು ಲೆಕ್ಕದ ಪುಸ್ತಕದಲ್ಲಿ ಬರೆದಿಡಲಿ. ಎಷ್ಟು ಅನ್ನ ವ್ಯರ್ಥವಾಗುತ್ತಿದೆಯೆಂಬುದು ಮಾಲಿಕನಿಗೆ ಅದರಿಂದಲೇ ಗೊತ್ತಾದೀತು. ಹೋಟೇಲುಗಳು ಕಸವನ್ನು ಮೂಲದಲ್ಲಿಯೇ ಬೇರ್ಪಡಿಸಬೇಕೆಂದು 2016ರ ನಿಯಮಗಳೇ ವಿಧಿಸಿದುವು.

ಮಾಲಿಕ ಮಿತ್ರರಿಗೂ ಒಂದು ಮಾತು. ಬೇರ್ಪಡಿಸುವುದೂ ಕೆಲಸವೇ. ಅದಕ್ಕೆ ಕೈಗವಸು, ಸಾಬೂನು ಕೊಡಿರಿ. ಕಸದಿಂದ ನಾಲ್ಕು ಕಾಸು ಬಂದರೆ ಅದರಲ್ಲಿ ಆ ಕೈಗಳಿಗೂ ಪಾಲು ಕೊಡಿರಿ. ತಿಪ್ಪೆ ಹೋಗಿ ಉಪ್ಪರಿಗೆಯಾಗುವುದೆಂದು ಹಿರಿಯರು ಹೇಳುತ್ತಿದ್ದರು. ಉಪ್ಪರಿಗೆ ಏಳುವುದಾದರೆ, ಅದರ ಮೊದಲ ಕಲ್ಲನ್ನಿಡುವವನು ಎಲೆ ಎತ್ತುವ ಆ ಮನುಷ್ಯನೇ. ಅಂದು ನಾನು ಅದನ್ನು ಅರಿಯಲಿಲ್ಲ. ನೀವಾದರೂ ಬೆರಳು ಕುಯ್ಯುವ ಮೊದಲೇ ಅರಿಯಿರಿ.