ಎಡಮಗ್ಗುಲು, ಐದು ನಿಮಿಷ

‘ಅಂಗಾತ ಮಲಗಬೇಡ, ಎಡಮಗ್ಗುಲಿಗೆ ತಿರುಗಿಕೋ’ ಎಂದು ದಿನ ತುಂಬುತ್ತಿರುವ ಬಸುರಿಗೆ ಹೇಳುವುದುಂಟು. ಅಂಗಾತ ಮಲಗಿದರೆ ಭಾರದ ಗರ್ಭಕೋಶ ಬೆನ್ನುಮೂಳೆಯ ಮುಂದಿನ ದೊಡ್ಡ ರಕ್ತನಾಳಗಳನ್ನು ಅದುಮುತ್ತದೆ. ಕಾಲಿನ ಕಡೆಯಿಂದ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಆರೋಗ್ಯವಂತೆಗೆ ಇದರಿಂದ ತಲೆಸುತ್ತು ಬರಬಹುದು. ಹೃದಯವೇ ನಿಂತವಳ ಪಾಲಿಗೆ ಇದೇ ಒತ್ತಡ ಸಾವು ಬದುಕಿನ ಪ್ರಶ್ನೆ.

2019–21ರ ಲೆಕ್ಕದಂತೆ, ಒಂದು ಲಕ್ಷ ಜೀವಂತ ಜನನಗಳಿಗೆ ದೇಶದಲ್ಲಿ 93, ಕರ್ನಾಟಕದಲ್ಲಿ 63, ಪಕ್ಕದ ಕೇರಳದಲ್ಲಿ 20 ತಾಯಂದಿರು ಸತ್ತಿದ್ದಾರೆ. ವಿಪರೀತ ರಕ್ತಸ್ರಾವ, ಏರಿದ ರಕ್ತದೊತ್ತಡ, ನಂಜು, ಮೊದಲೇ ಇದ್ದ ಹೃದ್ರೋಗ, ಶ್ವಾಸಕೋಶಕ್ಕೆ ಸಿಕ್ಕಿಕೊಂಡ ರಕ್ತದ ಹೆಪ್ಪು: ಇವು ಯಾವುವಾದರೂ ಹೃದಯವನ್ನು ನಿಲ್ಲಿಸಬಲ್ಲವು.

ಬಸುರಿಯ ಎದೆ ಒತ್ತಲು ಎಷ್ಟೋ ಜನ ಹೆದರುತ್ತಾರೆ, ಮಗುವಿಗೆ ಏನಾಗುವುದೋ ಎಂದು. ಆದರೆ ತಾಯಿಯ ರಕ್ತ ಹರಿದರೆ ಮಾತ್ರ ಮಗುವಿಗೆ ಆಮ್ಲಜನಕ. ಆದ್ದರಿಂದ ಎಲ್ಲರಿಗೆ ಮಾಡುವಂತೆಯೇ ಎದೆಯ ನಡುವೆ, ನಿಮಿಷಕ್ಕೆ 100ರಿಂದ 120 ಬಾರಿ, ಐದಾರು ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಗರ್ಭಕೋಶ ಹೊಕ್ಕುಳ ಮಟ್ಟಕ್ಕೆ ಬೆಳೆದಿದ್ದರೆ ಇನ್ನೊಬ್ಬರು ಅವಳ ಎಡಕ್ಕೆ ನಿಂತು, ಎರಡೂ ಕೈಗಳಿಂದ ಹೊಟ್ಟೆಯನ್ನು ತಮ್ಮತ್ತ ಎಳೆದು ಹಿಡಿಯಬೇಕು. ಅವಳನ್ನೇ ಓರೆಯಾಗಿ ಮಲಗಿಸಿದರೆ ಎದೆ ಒತ್ತುವ ಬಲ ಕುಂದುತ್ತದೆ.

ಇಷ್ಟಾದರೂ ನಾಡಿ ಮರಳದಿದ್ದರೆ?

1986ರಲ್ಲಿ ಅಮೆರಿಕದ ವೈದ್ಯ ವರ್ನ್ ಕಾಟ್ಜ್ ಮತ್ತು ಸಂಗಡಿಗರು ಒಂದು ಸೂತ್ರ ಮುಂದಿಟ್ಟರು: ನಾಲ್ಕು ನಿಮಿಷಕ್ಕೆ ಶಸ್ತ್ರ ಹಿಡಿಯಿರಿ, ಐದಕ್ಕೆ ಮಗು ಹೊರಬರಲಿ. ಇದು ಮಗುವಿಗಾಗಿ ಮಾತ್ರವಲ್ಲ. ಗರ್ಭಕೋಶ ಬರಿದಾದೊಡನೆ ರಕ್ತನಾಳಗಳ ಮೇಲಿನ ಒತ್ತಡ ಇಳಿದು ತಾಯಿಯ ಹೃದಯಕ್ಕೆ ರಕ್ತ ಮರಳುತ್ತದೆ. ಅದಕ್ಕೇ ಆಪರೇಷನ್ ಥಿಯೇಟರಿಗೆ ಸಾಗಿಸದೆ, ಅವಳು ಕುಸಿದ ಹಾಸಿಗೆಯಲ್ಲೇ, ಎದೆ ಒತ್ತುವುದನ್ನು ನಿಲ್ಲಿಸದೆ ಸಿಸೇರಿಯನ್ ಮಾಡಬೇಕೆಂದು ವೈದ್ಯರಿಗೆ ಕಲಿಸಲಾಗುತ್ತದೆ.

2011–14ರಲ್ಲಿ ಬ್ರಿಟನ್‌ನಲ್ಲಿ ಹೀಗೆ ಹೃದಯ ನಿಂತ 66 ಗರ್ಭಿಣಿಯರನ್ನು ಅಧ್ಯಯನ ಮಾಡಿದಾಗ 38 ಮಂದಿ ಬದುಕಿದ್ದರು. ಈ ತುರ್ತು ಸಿಸೇರಿಯನ್ ಆದವರಲ್ಲಿ, ಬದುಕಿದವರಿಗೆ ಅದು ಕುಸಿದ ಸುಮಾರು 3 ನಿಮಿಷಕ್ಕೆ ನಡೆದಿತ್ತು. ಸತ್ತವರಿಗೆ ಸುಮಾರು 12 ನಿಮಿಷಕ್ಕೆ.

ಮನೆಯಲ್ಲಿ ಬಸುರಿ ಕುಸಿದು ಉಸಿರು ನಿಂತರೆ ಒಬ್ಬರು 108ಕ್ಕೆ ಕರೆ ಮಾಡಿ ‘ತುಂಬು ಬಸುರಿ’ ಎಂದು ಮೊದಲೇ ತಿಳಿಸಲಿ, ಮತ್ತೊಬ್ಬರು ಆ ಕ್ಷಣವೇ ಎದೆ ಒತ್ತತೊಡಗಲಿ. ಹೆರಿಗೆ ವಾರ್ಡಿನ ತುರ್ತು ಟ್ರಾಲಿಯಲ್ಲಿ ಒಂದು ಸ್ಕಾಲ್ಪೆಲ್ ಸದಾ ಸಿದ್ಧವಿರಲಿ, ಅದು ಎಲ್ಲಿದೆಯೆಂದು ರಾತ್ರಿ ಪಾಳಿಯ ನರ್ಸ್‌ಗೂ ಗೊತ್ತಿರಲಿ.