ಸ್ವಾವಲಂಬನದ ವಿದ್ಯೆಯೂ ಡಿಜಿಟಲ್ ಪೋರ್ಟ್‌ಫೋಲಿಯೋವೂ

ನಮ್ಮ ಹೆಣ್ಣುಮಕ್ಕಳು ಪ್ರೌಢಶಾಲೆಯನ್ನು ಮುಗಿಸಿ ವಿಶ್ವವಿದ್ಯಾನಿಲಯವನ್ನು ಸೇರಿದ ಮೇಲೆ, ಇಂಗ್ಲಿಷ್ ತರಗತಿಯಲ್ಲಿ ಡಿಜಿಟಲ್ ಪೋರ್ಟ್‌ಫೋಲಿಯೋ ಎಂಬುದೊಂದನ್ನು ಸಿದ್ಧಪಡಿಸಬೇಕಾಗಿ ಬರುವುದುಂಟು. ಇದೇನು, ಇದರಿಂದ ಪ್ರಯೋಜನವೇನು ಎಂಬುದನ್ನು ತಾಯಿತಂದೆಗಳ ತಿಳಿವಳಿಕೆಗಾಗಿ ಸಂಕ್ಷೇಪವಾಗಿ ವಿವರಿಸುವೆವು.

ವಿದ್ಯಾರ್ಥಿಯು ತನ್ನ ಕಲಿಕೆಯ ಭಾರವನ್ನು ತಾನೇ ಹೊರಬಲ್ಲವನಾಗಬೇಕೆಂಬ ತತ್ತ್ವವನ್ನು ಭಾಷಾಬೋಧನೆಯಲ್ಲಿ ಸ್ಪಷ್ಟವಾಗಿ ನಿರೂಪಿಸಿದವರು ಫ್ರಾನ್ಸ್ ದೇಶದ ನಾನ್ಸಿ ನಗರದಲ್ಲಿದ್ದ ಆನ್ರಿ ಹೋಲೆಕ್ ಎಂಬ ವಿದ್ವಾಂಸರು. ಅವರ ಗ್ರಂಥವು 1981ರಲ್ಲಿ ಪ್ರಕಟವಾಯಿತು. ಗುರಿಯನ್ನು ಗೊತ್ತುಮಾಡುವುದು, ಪಾಠವಸ್ತುವನ್ನೂ ಕ್ರಮವನ್ನೂ ನಿಶ್ಚಯಿಸುವುದು, ವಿಧಾನವನ್ನು ಆರಿಸುವುದು, ಅಭ್ಯಾಸವನ್ನು ಗಮನಿಸುತ್ತಿರುವುದು, ಫಲವನ್ನು ತೂಗಿನೋಡುವುದು, ಇವೆಲ್ಲವೂ ವಿದ್ಯಾರ್ಥಿಗೆ ಸೇರಿದ ಕೆಲಸಗಳೆಂಬುದು ಅವರ ಅಭಿಪ್ರಾಯ. ಈ ತತ್ತ್ವಕ್ಕೆ ಸಾಧನವಾಗಿ ಯೂರೋಪಿನ ಕೌನ್ಸಿಲು 2001ರಲ್ಲಿ ಭಾಷಾ ಪೋರ್ಟ್‌ಫೋಲಿಯೋವನ್ನು ಬಳಕೆಗೆ ತಂದಿತು. ಅದರಲ್ಲಿ ಮೂರು ಭಾಗಗಳು: ಬಲ್ಲ ಭಾಷೆಗಳನ್ನೂ ಅವುಗಳಲ್ಲಿನ ಮಟ್ಟವನ್ನೂ ತಿಳಿಸುವ ಪಾಸ್‌ಪೋರ್ಟು, ಕಲಿತ ಬಗೆಯನ್ನು ಹೇಳುವ ಚರಿತೆ, ಆಯ್ದ ಕೃತಿಗಳ ಸಂಗ್ರಹ.

ಇದೇ ಸಂಗ್ರಹವನ್ನು ಕಾಗದದ ಬದಲಾಗಿ ಕಂಪ್ಯೂಟರಿನಲ್ಲಿ ಇಟ್ಟರೆ ಅದೇ ಡಿಜಿಟಲ್ ಪೋರ್ಟ್‌ಫೋಲಿಯೋ. ಕಾಗದದಲ್ಲಿ ಧ್ವನಿಯನ್ನು ಇಡಲಾಗದು, ಇದರಲ್ಲಿ ಇಡಬಹುದು. ಇಂಗ್ಲಿಷಿನಲ್ಲಿ ಮಾತಾಡಲು ತಡವರಿಸುವ ವಿದ್ಯಾರ್ಥಿನಿಯೊಬ್ಬಳನ್ನು ಭಾವಿಸೋಣ. ಆರು ವಾರಗಳಲ್ಲಿ ಚೀಟಿಯನ್ನು ನೋಡದೆ ಐದು ನಿಮಿಷ ಮಾತಾಡಬೇಕೆಂದು ಅವಳೇ ಗುರಿಯಿಟ್ಟುಕೊಳ್ಳುವಳು. ವಾರಕ್ಕೊಮ್ಮೆ ತನ್ನ ಧ್ವನಿಯನ್ನು ಮುದ್ರಿಸಿ, ಎಲ್ಲಿ ನಿಂತೆನು, ಏಕೆ ನಿಂತೆನು, ಮುಂದೇನು ಮಾಡುವೆನು ಎಂದು ಕೆಳಗೆ ಬರೆದಿಡುವಳು. ಕೊನೆಯ ಮುದ್ರಣದ ಪಕ್ಕದಲ್ಲಿ ಮೊದಲನೆಯದನ್ನು ಕೇಳಿದಾಗ, ಯಾವ ಅಂಕಪಟ್ಟಿಯೂ ಹೇಳಲಾರದ ಸಂಗತಿಯು ಅವಳಿಗೆ ತಿಳಿಯುವುದು.

ಇದರಿಂದ ಉಪಾಧ್ಯಾಯಿನಿಯ ಕೆಲಸವು ತಗ್ಗುವುದೆಂದು ಯಾರೂ ಎಣಿಸಬಾರದು. ಗುರಿಯು ಶಕ್ತಿಗೆ ಮೀರಿದ್ದರೆ ಎಚ್ಚರಿಸುವುದೂ, ಬರೆದುದನ್ನು ಓದಿ ಹಿತವಚನ ಹೇಳುವುದೂ ಅವರ ಹೊಣೆಯೇ. ಓದುವವರಿಲ್ಲದ ಪೋರ್ಟ್‌ಫೋಲಿಯೋ ಬೀಗ ಹಾಕಿದ ಪೆಟ್ಟಿಗೆಯಂತೆ.

ಅಪಾಯವೂ ಉಂಟು. ಅಂದವಾದ ಬರಹಗಳನ್ನು ಮಾತ್ರ ಜೋಡಿಸಿ ತಿದ್ದಿದ ಪ್ರತಿಗಳನ್ನು ಅಳಿಸಿದರೆ, ಅದು ಪ್ರದರ್ಶನವಾಗುವುದೇ ಹೊರತು ಕಲಿಕೆಯ ಸಾಕ್ಷಿಯಾಗದು. ಕೇಳಿದೊಡನೆ ಪ್ರಬಂಧವನ್ನು ಬರೆದುಕೊಡುವ ಯಂತ್ರಗಳು ಈಗ ಕೈಗೆಟುಕಿವೆ. ಪರರ ಬರಹಕ್ಕೆ ತನ್ನ ಹೆಸರಿಡುವ ಕನ್ಯೆಯು ವಂಚಿಸುವುದು ತನ್ನನ್ನೇ. ಯಾರು ಯಾರು ಇದನ್ನು ನೋಡಬಹುದೆಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳುವುದೂ ವಿವೇಕ.

ಸತ್ಯವೇದದಲ್ಲಿ ತಲಾಂತನ್ನು ನೆಲದಲ್ಲಿ ಹೂತಿಟ್ಟ ಆಳಿನ ಸಾಮ್ಯವನ್ನು ನಮ್ಮ ವಾಚಕರು ಬಲ್ಲರು. ಕೊಟ್ಟದ್ದನ್ನು ಹಾಗೆಯೇ ಹಿಂದಿರುಗಿಸುವುದು ಅವನಿಗೆ ಸಾಕೆನಿಸಿತು, ಯಜಮಾನನಿಗೆ ಸಾಕೆನಿಸಲಿಲ್ಲ. ಆದಕಾರಣ, ರಜೆಗೆ ಮನೆಗೆ ಬಂದ ಮಗಳನ್ನು ಎಷ್ಟು ಅಂಕ ಬಂದವೆಂದು ಕೇಳುವುದರೊಡನೆ, ಯಾವ ಬರಹವನ್ನು ಆರಿಸಿದೆ, ಏಕೆ ಆರಿಸಿದೆ ಎಂದೂ ಕೇಳಬೇಕೆಂದು ತಾಯಿತಂದೆಗಳಲ್ಲಿ ವಿಜ್ಞಾಪಿಸುವೆವು.