ವಿಶ್ವವಿದ್ಯಾಲಯ ಶಿಕ್ಷಣದಲ್ಲಿ ತತ್ತ್ವಶಾಸ್ತ್ರ

ಜ್ಞಾನ, ಸತ್ಯ, ಅಸ್ತಿತ್ವ, ಮೌಲ್ಯ ಇವುಗಳನ್ನು ಕುರಿತ ಮೂಲಪ್ರಶ್ನೆಗಳನ್ನು ತರ್ಕಬದ್ಧವಾಗಿ ವಿಚಾರಿಸುವ ಶಾಸ್ತ್ರವೇ ತತ್ತ್ವಶಾಸ್ತ್ರ. ಹಿಂದೆ ಉನ್ನತ ವ್ಯಾಸಂಗಕ್ಕೆ ತಳಹದಿಯಾಗಿದ್ದ ಈ ಶಾಸ್ತ್ರವು ಆಧುನಿಕ ವಿಶ್ವವಿದ್ಯಾಲಯದಲ್ಲಿ ಹಲವು ವಿಭಾಗಗಳ ಪೈಕಿ ಒಂದಾಗಿದೆ. ಭೌತಶಾಸ್ತ್ರ, ಇತಿಹಾಸ ಮೊದಲಾದ ಬೇರೆ ಬೇರೆ ವಿಷಯಗಳ ಸಂಶೋಧನೆಗೂ ನೀಡಲಾಗುವ ಪಿಎಚ್.ಡಿ. ಪದವಿಯ ಪೂರ್ಣರೂಪವು 'ಡಾಕ್ಟರ್ ಆಫ್ ಫಿಲಾಸಫಿ' ಎಂದಿರುವುದು ಆ ಹಳೆಯ ಸ್ಥಾನದ ಕುರುಹಾಗಿದೆ.

ಹಿನ್ನೆಲೆ

ಮಧ್ಯಯುಗದ ಯೂರೋಪಿನಲ್ಲಿ ದೇವತಾಶಾಸ್ತ್ರ, ಕಾನೂನು ಮತ್ತು ವೈದ್ಯಶಾಸ್ತ್ರಗಳು ಮೇಲಿನ ನಿಕಾಯಗಳೆನಿಸಿದ್ದವು. ತರ್ಕ ಮತ್ತು ತತ್ತ್ವಗಳನ್ನು ಬೋಧಿಸುತ್ತಿದ್ದ ಕಲಾನಿಕಾಯವು ಅವುಗಳಿಗೆ ಮೆಟ್ಟಿಲಾಗಿತ್ತು. ಜರ್ಮನಿಯ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1798ರಲ್ಲಿ ಪ್ರಕಟಿಸಿದ ಕೃತಿಯೊಂದರಲ್ಲಿ ಈ ಏರ್ಪಾಡನ್ನು ವಿಮರ್ಶಿಸಿದನು. ಸರ್ಕಾರದ ಆಜ್ಞೆಗೆ ಒಳಪಡದೆ, ಇತರ ನಿಕಾಯಗಳ ಬೋಧನೆಯನ್ನು ಪರೀಕ್ಷಿಸುವ ಸ್ವಾತಂತ್ರ್ಯ ತತ್ತ್ವಶಾಸ್ತ್ರಕ್ಕೆ ಇರಬೇಕೆಂಬುದು ಅವನ ವಾದ. 1810ರಲ್ಲಿ ಆರಂಭವಾದ ಬರ್ಲಿನ್ ವಿಶ್ವವಿದ್ಯಾಲಯವು ಬೋಧನೆ ಮತ್ತು ಸಂಶೋಧನೆಗಳನ್ನು ಒಂದುಗೂಡಿಸಿತು. ಅನಂತರ ವಿಶೇಷಾಧ್ಯಯನ ಬೆಳೆದಂತೆ ಹಲವು ಶಾಸ್ತ್ರಗಳು ತತ್ತ್ವಶಾಸ್ತ್ರದಿಂದ ಬೇರ್ಪಟ್ಟವು. ಮನೋವಿಜ್ಞಾನದ ಪ್ರಯೋಗಾಲಯವನ್ನು 1879ರಲ್ಲಿ ಲೈಪ್‌ಜಿಗ್‌ನಲ್ಲಿ ಸ್ಥಾಪಿಸಿದ ವಿಲ್ಹೆಲ್ಮ್ ವುಂಟ್ ತತ್ತ್ವಶಾಸ್ತ್ರದ ಪ್ರಾಧ್ಯಾಪಕನೇ ಆಗಿದ್ದನು.

ಭಾರತದಲ್ಲಿ

1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾಲಯದಲ್ಲಿ ಸರ್ವೇಪಲ್ಲಿ ರಾಧಾಕೃಷ್ಣನ್ ಅವರು 1918ರಿಂದ 1921ರವರೆಗೆ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಮಹಾರಾಜಾ ಕಾಲೇಜಿನಲ್ಲಿ ಸಂಸ್ಕೃತ ಬೋಧಿಸುತ್ತಿದ್ದ ಎಂ. ಹಿರಿಯಣ್ಣನವರು 1932ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಭಾರತೀಯ ತತ್ತ್ವಶಾಸ್ತ್ರದ ರೂಪರೇಖೆಯು ಇಂದಿಗೂ ಪಠ್ಯವಾಗಿ ಬಳಕೆಯಲ್ಲಿದೆ. ಸ್ವಾತಂತ್ರ್ಯಾನಂತರ 1948ರಲ್ಲಿ ನೇಮಕವಾದ ವಿಶ್ವವಿದ್ಯಾಲಯ ಶಿಕ್ಷಣ ಆಯೋಗಕ್ಕೆ ರಾಧಾಕೃಷ್ಣನ್ ಅವರೇ ಅಧ್ಯಕ್ಷರಾಗಿದ್ದರು.

ಇಂದಿನ ಚರ್ಚೆ

ಉದ್ಯೋಗಕ್ಕೆ ನೇರವಾಗಿ ಒದಗದ ವಿಷಯವೆಂಬುದು ತತ್ತ್ವಶಾಸ್ತ್ರದ ಮೇಲಿರುವ ಮುಖ್ಯ ಆಕ್ಷೇಪ. 2010ರಲ್ಲಿ ಇಂಗ್ಲೆಂಡಿನ ಮಿಡ್ಲ್‌ಸೆಕ್ಸ್ ವಿಶ್ವವಿದ್ಯಾಲಯವು ತನ್ನ ತತ್ತ್ವಶಾಸ್ತ್ರ ವ್ಯಾಸಂಗಕ್ರಮಗಳನ್ನು ಮುಚ್ಚಲು ನಿರ್ಧರಿಸಿದಾಗ ವ್ಯಾಪಕ ಪ್ರತಿಭಟನೆ ನಡೆಯಿತು. ವೈದ್ಯಕೀಯ ನೀತಿ, ವಿಜ್ಞಾನದ ವಿಧಾನ ಮುಂತಾದುವನ್ನು ಆಯಾ ವಿಭಾಗಗಳೇ ಕಲಿಸಬಹುದೆಂಬ ವಾದವೂ ಇದೆ. ಆದರೆ ಒಂದು ವಿಭಾಗವು ತಾನು ಒಪ್ಪಿಕೊಂಡು ಹೊರಟ ಗೃಹೀತಗಳನ್ನು ತಾನೇ ಪ್ರಶ್ನಿಸುವುದು ಕಷ್ಟ. ಅದಕ್ಕಾಗಿ ಸ್ವತಂತ್ರ ಅಧ್ಯಯನ ಅಗತ್ಯವೆಂದು ಇದಕ್ಕೆ ಉತ್ತರ ಹೇಳಲಾಗುತ್ತದೆ.

ಎದುರಾಳಿಯ ಮತವನ್ನು ಪೂರ್ವಪಕ್ಷವಾಗಿ ನಿರೂಪಿಸಿ, ಅನಂತರವೇ ಸಿದ್ಧಾಂತವನ್ನು ಮಂಡಿಸುವ ಕ್ರಮ ಭಾರತೀಯ ದರ್ಶನಗ್ರಂಥಗಳಲ್ಲಿ ರೂಢಿಯಾಗಿದೆ. ತಾನು ಒಪ್ಪದ ಮಾತನ್ನೂ ನ್ಯಾಯವಾಗಿ ಅರಿತು ಉತ್ತರಿಸುವ ಈ ಅಭ್ಯಾಸವು ಯಾವ ವಿಷಯದ ವಿದ್ಯಾರ್ಥಿಗಾದರೂ ಉಪಯುಕ್ತವಾದುದು.